ಹೊಗೆಗೂ ಒಂದು ಲೆಕ್ಕದ ಪುಸ್ತಕ ಇರಲಿ



ಉಳಿತಾಯ, ಬ್ಯಾಂಕ್ ಸಾಲ, ಹೈನುಗಾರಿಕೆ, ಹೊಲಿಗೆ ತರಬೇತಿ – ಇವುಗಳ ಬಗ್ಗೆ ನಾವು ಈ ಪತ್ರದಲ್ಲಿ ಆಗಾಗ ಬರೆಯುತ್ತೇವೆ. ಈ ಸಲ ಉಸಿರಾಟದ ಬಗ್ಗೆ ಬರೆಯುತ್ತಿದ್ದೇವೆ. ಒಬ್ಬ ಮನುಷ್ಯ ದಿನಕ್ಕೆ ಸುಮಾರು 20 ಸಾವಿರ ಸಲ ಉಸಿರಾಡುತ್ತಾನೆ. ಅಕ್ಕಿ ಕೆಟ್ಟಿದ್ದರೆ ಅಂಗಡಿ ಬದಲಿಸುತ್ತೇವೆ, ನೀರು ಕೆಟ್ಟಿದ್ದರೆ ಕಾಯಿಸಿ ಕುಡಿಯುತ್ತೇವೆ. ಗಾಳಿ ಕೆಟ್ಟರೆ ಬೇರೆ ಗಾಳಿ ಎಲ್ಲಿಂದ ತರೋದು? ಊರಿಗೆಲ್ಲ ಇರುವುದು ಒಂದೇ ಗಾಳಿ.

ನಮ್ಮ ಭಾಗದಲ್ಲಿ ಕಬ್ಬಿಣದ ಅದಿರು ಇದೆ, ತುಂಗಭದ್ರೆಯ ನೀರು ಇದೆ, ರೈಲು ಇದೆ. ಆದ್ದರಿಂದ ಬಳ್ಳಾರಿ, ಕೊಪ್ಪಳ, ಹೊಸಪೇಟೆ ಸುತ್ತ ಉಕ್ಕು ಮತ್ತು ಕಬ್ಬಿಣದ ಕಾರ್ಖಾನೆಗಳು ಬೆಳೆದವು. ಜೊತೆಗೆ ಗಾಳಿ ವಿದ್ಯುತ್ತಿನ ಕಂಬಗಳು, ಸೋಲಾರ್ ಪಾರ್ಕ್‌ಗಳು ಬರುತ್ತಿವೆ. ಕಾರ್ಖಾನೆ ಬೇಕೆನ್ನುವವರು ಒಂದು ಕಡೆ, ಬೇಡವೆನ್ನುವವರು ಒಂದು ಕಡೆ. ಇಬ್ಬರೂ ನಮ್ಮ ಸಂಘಗಳಲ್ಲೇ ಇದ್ದಾರೆ. ಈ ವಿಷಯವನ್ನು ನಾವು ಹೇಗೆ ಅರ್ಥ ಮಾಡಿಕೊಳ್ಳಬೇಕು, ಏನು ಕೇಳಬೇಕು ಎಂಬುದನ್ನು ಇಲ್ಲಿ ಸರಳವಾಗಿ ತಿಳಿಸುವ ಪ್ರಯತ್ನ ಮಾಡಿದ್ದೇವೆ.

ಕೊಪ್ಪಳದಲ್ಲಿ ಏನಾಯಿತು?

2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಹೂಡಿಕೆದಾರರ ಸಮಾವೇಶ ನಡೆಯಿತು. ಅಲ್ಲಿ ಬಲ್ಡೋಟ ಸಮೂಹ ಕೊಪ್ಪಳದಲ್ಲಿ ಸುಮಾರು 54 ಸಾವಿರ ಕೋಟಿ ರೂಪಾಯಿ ಹೂಡಿ, ವರ್ಷಕ್ಕೆ 1 ಕೋಟಿ 5 ಲಕ್ಷ ಟನ್ ಸಾಮರ್ಥ್ಯದ ಉಕ್ಕಿನ ಕಾರ್ಖಾನೆ ಕಟ್ಟುವ ಒಪ್ಪಂದ ಪ್ರಕಟವಾಯಿತು. ಸ್ಥಳ ಕೊಪ್ಪಳ ನಗರಕ್ಕೆ ಹತ್ತಿಕೊಂಡೇ ಇದೆ. ಅದೇ ತಿಂಗಳ 24ರಂದು ಕೊಪ್ಪಳ ಬಂದ್ ಆಯಿತು. ಗವಿಮಠದ ಶ್ರೀಗಳು ಬೀದಿಗೆ ಬಂದರು. ರೈತರು, ವಿದ್ಯಾರ್ಥಿಗಳು, ವ್ಯಾಪಾರಿಗಳು, ಹೆಣ್ಣುಮಕ್ಕಳು ಜಾತಿ-ಧರ್ಮದ ಭೇದವಿಲ್ಲದೆ ಸೇರಿದರು. ಮಾರ್ಚ್ ತಿಂಗಳಲ್ಲಿ ಮುಖ್ಯಮಂತ್ರಿಗಳು ಕೆಲಸ ನಿಲ್ಲಿಸುವಂತೆ ಸೂಚನೆ ಕೊಟ್ಟರು.

ಜನ ಯಾಕೆ ಅಷ್ಟು ಸೇರಿದರು? ಕೊಪ್ಪಳ, ಗಿಣಿಗೇರಾ ಸುತ್ತ ಆಗಲೇ ಕಾರ್ಖಾನೆಗಳಿದ್ದವು. ಅಲ್ಲಿಯ ಹಳ್ಳಿಗಳಲ್ಲಿ ಮಾಳಿಗೆ ಮೇಲೆ, ಕರಿಬೇವಿನ ಎಲೆ ಮೇಲೆ, ಒಣಹಾಕಿದ ಬಟ್ಟೆ ಮೇಲೆ ಕೂರುವ ಕರಿ ಧೂಳು ಜನರಿಗೆ ಹೊಸದಲ್ಲ. ಇದ್ದ ಧೂಳಿನ ಲೆಕ್ಕ ಬಗೆಹರಿಯುವ ಮೊದಲೇ ಅದಕ್ಕಿಂತ ಎಷ್ಟೋ ದೊಡ್ಡದು ಬರುತ್ತದೆ ಎಂದಾಗ ಜನರಿಗೆ ಭಯವಾಯಿತು.

ಇದು ಕೊಪ್ಪಳ ಒಂದರ ಕಥೆಯಲ್ಲ. ಊರು ಬೆಳೆಯುತ್ತಾ ಕಾರ್ಖಾನೆ ಕಡೆ ಹೋಗುತ್ತದೆ, ಕಾರ್ಖಾನೆ ಬೆಳೆಯುತ್ತಾ ಊರಿನ ಕಡೆ ಬರುತ್ತದೆ. ಒಂದು ದಿನ ಎರಡೂ ಒಂದಕ್ಕೊಂದು ತಾಗುತ್ತವೆ.

ಕಾಣುವ ಧೂಳು, ಕಾಣದ ಧೂಳು

ಮಾಳಿಗೆ ಮೇಲೆ ಕೂರುವ ಕರಿ ಪುಡಿ ದಪ್ಪ ಧೂಳು. ಅದರಲ್ಲಿ ಬಹುಪಾಲನ್ನು ಮೂಗು, ಗಂಟಲು ತಡೆಯುತ್ತವೆ. ಕೆಮ್ಮು, ಕಣ್ಣುರಿ ಅದರಿಂದ ಬರುತ್ತವೆ. ಅದಕ್ಕಿಂತ ಅಪಾಯದ್ದು ಕಣ್ಣಿಗೆ ಕಾಣದ ಸಣ್ಣ ಧೂಳು. ಅದಕ್ಕೆ 'ಪಿಎಂ 2.5' ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪವನ್ನು ಮೂವತ್ತು ಪಾಲು ಮಾಡಿದರೆ ಒಂದು ಪಾಲು ಎಷ್ಟೋ, ಅಷ್ಟು ಸಣ್ಣದು. ಅದು ಶ್ವಾಸಕೋಶದ ತಳಕ್ಕೆ ಹೋಗಿ ರಕ್ತಕ್ಕೂ ಸೇರುತ್ತದೆ. ದಮ್ಮು ಮಾತ್ರ ಅಲ್ಲ, ಹೃದಯಾಘಾತ, ಪಾರ್ಶ್ವವಾಯು, ಶ್ವಾಸಕೋಶದ ಕ್ಯಾನ್ಸರ್ ಕೂಡ ಇದರಿಂದ ಹೆಚ್ಚುತ್ತವೆ. ಗರ್ಭಿಣಿಯರು ಇಂಥ ಗಾಳಿಯಲ್ಲಿದ್ದರೆ ಮಗು ಕಡಿಮೆ ತೂಕದಲ್ಲಿ ಹುಟ್ಟುವ ಸಂಭವ ಹೆಚ್ಚು. ಹೊರಗಿನ ಗಾಳಿಯ ಮಾಲಿನ್ಯದಿಂದ 2019ರಲ್ಲಿ ಜಗತ್ತಿನಲ್ಲಿ ಸುಮಾರು 42 ಲಕ್ಷ ಜನ ಅಕಾಲ ಮರಣಕ್ಕೆ ಈಡಾದರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಈ ಧೂಳಿಗೆ ಸರ್ಕಾರ ಒಂದು ಮಿತಿ ಹಾಕಿದೆ. 2009ರಲ್ಲಿ ನಮ್ಮ ದೇಶ ಗೊತ್ತುಮಾಡಿದ ಪ್ರಕಾರ ಪಿಎಂ 2.5 ವರ್ಷದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 40 ಮೈಕ್ರೋಗ್ರಾಂ ಮೀರಬಾರದು. ಒಂದು ದಿನದ ಸರಾಸರಿ 60 ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ವರ್ಷದ ಮಿತಿ ಕೇವಲ 5. ಅಂದರೆ ನಮ್ಮ ಮಿತಿ ಅದರ ಎಂಟು ಪಟ್ಟು. ಆದ್ದರಿಂದ ಯಾರಾದರೂ "ಎಲ್ಲ ಮಿತಿಯೊಳಗೇ ಇದೆ" ಎಂದರೆ ಕಾನೂನು ಮೀರಿಲ್ಲ ಎಂದಷ್ಟೇ ತಿಳಿಯಬೇಕು. ಅಪಾಯವೇ ಇಲ್ಲ ಎಂದು ತಿಳಿಯಬಾರದು.

ಇನ್ನೊಂದು ಸಂಗತಿ. ಚಳಿಗಾಲದ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಭಾರವಾಗುತ್ತದೆ. ಮೇಲಿನ ಬೆಚ್ಚನೆ ಗಾಳಿ ಪಾತ್ರೆಗೆ ಮುಚ್ಚಳ ಹಾಕಿದಂತೆ ಕೂರುತ್ತದೆ. ಹೊಗೆ ಮೇಲೆ ಹೋಗದೆ ಊರಿನ ಮೇಲೇ ಸುತ್ತುತ್ತದೆ. ಬೆಳಿಗ್ಗೆ ಎದ್ದು ಕಸ ಗುಡಿಸುವಾಗ ಕರಿ ಧೂಳು ಹೆಚ್ಚು ಕಾಣುವುದಕ್ಕೆ ಇದೂ ಒಂದು ಕಾರಣ. ಖರ್ಚು ಉಳಿಸಲು ಕೆಲವು ಕಡೆ ರಾತ್ರಿ ಹೊತ್ತು ಧೂಳು ಹಿಡಿಯುವ ಯಂತ್ರ ಬಂದ್ ಮಾಡುತ್ತಾರೆ ಎಂಬುದು ಮೆದು ಕಬ್ಬಿಣದ ಕಾರ್ಖಾನೆಗಳಿರುವ ಊರುಗಳಲ್ಲಿ ಜನ ಹೇಳುವ ದೂರು. ಅದು ನಿಜವೋ ಸುಳ್ಳೋ ಎಂದು ತಿಳಿಯುವ ದಾರಿಯನ್ನು ಮುಂದೆ ಹೇಳುತ್ತೇವೆ.

ಉಕ್ಕಿಗೆ ಕಲ್ಲಿದ್ದಲು ಯಾಕೆ ಬೇಕು?

"ಈಗ ಸೋಲಾರ್ ಬಂದೈತಲ್ರೀ, ಕಾರ್ಖಾನಿನೂ ಸೋಲಾರ್ ಮ್ಯಾಲೆ ನಡೆಸ್ಲಿ" ಎಂದು ಹಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆದರೆ ಉಕ್ಕಿನ ವಿಷಯ ಸ್ವಲ್ಪ ಬೇರೆ.

ಕುಡುಗೋಲು ಮಳೆಯಲ್ಲಿ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಕಬ್ಬಿಣ ಗಾಳಿಯ ಆಮ್ಲಜನಕದ ಜೊತೆ ಸೇರಿ ತುಕ್ಕಾಗುತ್ತದೆ. ಭೂಮಿಯಿಂದ ಅಗೆಯುವ ಅದಿರೂ ಹೆಚ್ಚುಕಡಿಮೆ ಹೀಗೇ, ಕಬ್ಬಿಣ ಮತ್ತು ಆಮ್ಲಜನಕ ಅಂಟಿಕೊಂಡಿರುವ ಕಲ್ಲು. ಕಾರ್ಖಾನೆಯಲ್ಲಿ ಆ ಆಮ್ಲಜನಕವನ್ನು ಕಿತ್ತು ತೆಗೆಯಬೇಕು. ಆ ಕೆಲಸ ಮಾಡುವುದು ಕಲ್ಲಿದ್ದಲಿನ ಇಂಗಾಲ. ಹೀಗಾಗಿ ಕಲ್ಲಿದ್ದಲು ಬೆಂಕಿಗೂ ಬೇಕು, ಅದಿರನ್ನು ಬಿಡಿಸುವುದಕ್ಕೂ ಬೇಕು. ನಮ್ಮ ದೇಶದಲ್ಲಿ ಒಂದು ಟನ್ ಉಕ್ಕು ಮಾಡಿದರೆ ಸುಮಾರು ಎರಡೂವರೆ ಟನ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅದರ ಜೊತೆ ಧೂಳು, ಗಂಧಕದ ಹೊಗೆ ಬೇರೆ.

ಸ್ಪಾಂಜ್ ಐರನ್, ಅಂದರೆ ಮೆದು ಕಬ್ಬಿಣ ಮಾಡುವಲ್ಲಿ ನಮ್ಮ ದೇಶವೇ ಜಗತ್ತಿಗೆ ಮೊದಲು. ಅದಿರು ಮತ್ತು ಕಲ್ಲಿದ್ದಲನ್ನು ತಿರುಗುವ ಉದ್ದನೆಯ ಕೊಳವೆ ಕುಲುಮೆಯಲ್ಲಿ ಹಾಕಿ ಕಾಯಿಸುತ್ತಾರೆ. ಅದರಿಂದ ಏಳುವ ಧೂಳನ್ನು ವಿದ್ಯುತ್ತಿನ ಶಕ್ತಿಯಿಂದ ಸೆಳೆದು ಹಿಡಿಯುವ ಯಂತ್ರಕ್ಕೆ 'ಇಎಸ್‌ಪಿ' ಎನ್ನುತ್ತಾರೆ. ಈ ಯಂತ್ರ ಸರಿಯಾಗಿ ನಡೆದರೆ ಚಿಮಣಿಯ ಧೂಳಿನಲ್ಲಿ ಬಹುಪಾಲು ಒಳಗೇ ಉಳಿಯುತ್ತದೆ. ನಿಂತರೆ ಎಲ್ಲವೂ ಊರಿಗೆ ಬರುತ್ತದೆ.

ಧೂಳು ಚಿಮಣಿಯಿಂದ ಮಾತ್ರ ಬರುವುದಿಲ್ಲ. ತೆರೆದ ಲಾರಿ, ಬಯಲಲ್ಲಿ ರಾಶಿ ಹಾಕಿದ ಅದಿರು ಮತ್ತು ಕಲ್ಲಿದ್ದಲು, ಡಾಂಬರು ಕಿತ್ತ ರಸ್ತೆ, ಇವೂ ಸಮಾನ ಪಾಲುದಾರರು. ಇದನ್ನು ಕಡಿಮೆ ಮಾಡಲು ಸಾಧ್ಯ ಎಂಬುದಕ್ಕೆ ನಮ್ಮ ಭಾಗದಲ್ಲೇ ಒಂದು ಉದಾಹರಣೆ ಇದೆ. ಸಂಡೂರಿನ ಗಣಿಗಳ ಕಡೆಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಅದಿರು ತರಲು ಸುಮಾರು 24 ಕಿ.ಮೀ. ಉದ್ದದ ಮುಚ್ಚಿದ ಕನ್ವೇಯರ್ ಹಾಕಿದ್ದಾರೆ. ಅದರಲ್ಲಿ ಹೋಗುವಷ್ಟು ಅದಿರಿಗೆ ರಸ್ತೆ ಮೇಲೆ ಲಾರಿ ಬೇಡ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸುವ ಮೊದಲು ಆ ರಸ್ತೆಗಳ ಕೆಂಪು ಧೂಳು ಕಂಡವರಿಗೆ ಇದರ ಬೆಲೆ ಗೊತ್ತು.

ಶುದ್ಧ ವಿದ್ಯುತ್ ಬಂದರೆ ಹೊಗೆ ನಿಲ್ಲುತ್ತದೆಯೇ?

ಕರ್ನಾಟಕದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಸೂರ್ಯ, ಗಾಳಿ, ನೀರಿನಿಂದ ಬರುವಂಥದ್ದು. ಇದು ಸಂತೋಷದ ಸಂಗತಿ. ಸೋಲಾರ್ ಮತ್ತು ಗಾಳಿ ವಿದ್ಯುತ್ತಿಗೆ ಚಿಮಣಿ ಇಲ್ಲ, ಬೂದಿ ಇಲ್ಲ. ಕಲ್ಲಿದ್ದಲು ಸ್ಥಾವರ ಕಡಿಮೆ ಓಡಿದಷ್ಟೂ ಗಾಳಿಗೆ ಒಳ್ಳೆಯದು. ಹಳೆ ಕಬ್ಬಿಣ, ಗುಜರಿ ಕರಗಿಸುವ ವಿದ್ಯುತ್ ಕುಲುಮೆಗಳನ್ನು ಶುದ್ಧ ಕರೆಂಟಿನಿಂದ ನಡೆಸಿದರೆ ಕಲ್ಲಿದ್ದಲು ಬಹಳ ಉಳಿಯುತ್ತದೆ. ಕಲ್ಲಿದ್ದಲಿನ ಬದಲು ಹೈಡ್ರೋಜನ್ ಅನಿಲದಿಂದ ಅದಿರನ್ನು ಬಿಡಿಸುವ ವಿಧಾನವೂ ಇದೆ. ಸ್ವೀಡನ್ ದೇಶದಲ್ಲಿ 2021ರಲ್ಲಿ ಹಾಗೆ ಮಾಡಿದ ಉಕ್ಕನ್ನು ಒಂದು ವಾಹನ ಕಂಪನಿಗೆ ಕೊಟ್ಟರು. ಆದರೆ ಅದಕ್ಕೆ ಅಪಾರ ಶುದ್ಧ ವಿದ್ಯುತ್ ಬೇಕು, ಖರ್ಚೂ ಜಾಸ್ತಿ. ಆದ್ದರಿಂದ 'ಹಸಿರು ಉಕ್ಕು' ಎಂಬ ಬೋರ್ಡು ಕಂಡಾಗ ಒಂದು ಪ್ರಶ್ನೆ ಕೇಳಿ: ಒಟ್ಟು ಉತ್ಪಾದನೆಯಲ್ಲಿ ಎಷ್ಟು ಪಾಲು ಹಸಿರು, ಎಷ್ಟು ಪಾಲು ಕಲ್ಲಿದ್ದಲು? ಕಾರ್ಖಾನೆಯ ಮಾಳಿಗೆ ಮೇಲೆ ಸೋಲಾರ್ ಇದ್ದರೂ ಕುಲುಮೆಯ ಹೊಗೆ ಹೊಗೆಯೇ.

ಶುದ್ಧ ವಿದ್ಯುತ್ತಿಗೂ ತನ್ನದೇ ಲೆಕ್ಕ ಇದೆ. ತುಮಕೂರು ಜಿಲ್ಲೆ ಪಾವಗಡದ ಸೋಲಾರ್ ಪಾರ್ಕ್ ಸುಮಾರು 13 ಸಾವಿರ ಎಕರೆ, 2,050 ಮೆಗಾವಾಟ್. ಅಲ್ಲಿ ರೈತರ ಭೂಮಿಯನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಬರದ ನಾಡಿನ ಭೂಮಾಲೀಕರಿಗೆ ಅದು ಆಸರೆಯಾಯಿತು. ಆದರೆ ಆ ಹೊಲಗಳಲ್ಲಿ ಕಳೆ ಕಿತ್ತು ಕೂಲಿ ಮಾಡುತ್ತಿದ್ದ ಭೂಮಿ ಇಲ್ಲದ ಹೆಣ್ಣುಮಕ್ಕಳಿಗೆ, ಕುರಿ ಮೇಯಿಸುವವರಿಗೆ ಬಾಡಿಗೆ ಬರುವುದಿಲ್ಲ. ಸೋಲಾರ್ ಬೇಡ ಎಂದು ನಾವು ಹೇಳುತ್ತಿಲ್ಲ. ಯೋಜನೆ ಯಾವುದೇ ಇರಲಿ, ಭೂಮಿ ಇಲ್ಲದವರ ಹೆಸರೂ ಪುಸ್ತಕದಲ್ಲಿ ಇರಬೇಕು ಎನ್ನುತ್ತೇವೆ.

ಊರಿಂದ ಎಷ್ಟು ದೂರ, ಯಾವ ದಿಕ್ಕಿಗೆ?

ಮನೆ ಕಟ್ಟುವಾಗ ಒಲೆ ಯಾವ ಮೂಲೆಗೆ ಎಂದು ನೋಡುತ್ತೇವೆ. ಹೊಗೆ ಪಡಸಾಲೆಗೆ ಬರಬಾರದು. ಊರಿಗೂ ಇದೇ ಮಾತು. ನಮ್ಮ ಭಾಗದಲ್ಲಿ ಮುಂಗಾರಿನಲ್ಲಿ ಪಡುವಣ ಗಾಳಿ, ಚಳಿಗಾಲದಲ್ಲಿ ಮೂಡಣ ಗಾಳಿ. ಊರಿನ ಮೂಡಣಕ್ಕೆ ಚಿಮಣಿ ಇದ್ದರೆ, ಹೊಗೆ ಕೆಳಗೇ ಕೂರುವ ಚಳಿಗಾಲದಲ್ಲಿ ಅದು ಊರಿನ ಕಡೆ ಬರುತ್ತದೆ. ಗಿಣಿಗೇರಾ ಇರುವುದು ಕೊಪ್ಪಳದ ಮೂಡಣ ದಿಕ್ಕಿಗೇ. ಪಡುವಣಕ್ಕಿದ್ದರೆ ಮುಂಗಾರಿನಲ್ಲಿ ಬರುತ್ತದೆ, ಆದರೆ ಮಳೆ ಸ್ವಲ್ಪ ತೊಳೆಯುತ್ತದೆ. ದೂರ ಎಷ್ಟು ಎಂಬುದರ ಜೊತೆ ದಿಕ್ಕು ಯಾವುದು ಎಂದೂ ಕೇಳಬೇಕು.

ದೂರದ ವಿಷಯದಲ್ಲಿ ಸಣ್ಣ ಊರುಗಳಿಗೆ ಒಂದು ಅನ್ಯಾಯವೂ ಇದೆ. ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಗಂಧಕದ ಹೊಗೆಗೆ ಕೇಂದ್ರ ಸರ್ಕಾರ 2015ರ ಡಿಸೆಂಬರ್‌ನಲ್ಲಿ ಮಿತಿ ಹಾಕಿತು. ಈ ಹೊಗೆ ಗಾಳಿಯಲ್ಲಿ ಬೆರೆತು ಮತ್ತೆ ಸಣ್ಣ ಧೂಳಾಗುತ್ತದೆ. ಅದನ್ನು ತೊಳೆಯುವ ಯಂತ್ರ ಹಾಕುವ ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. ಕೊನೆಗೆ 2025ರ ಜುಲೈನಲ್ಲಿ ಹೊಸ ನಿಯಮ ಬಂತು: ದೆಹಲಿ ಪ್ರದೇಶ ಮತ್ತು 10 ಲಕ್ಷ ಮೀರಿದ ಜನಸಂಖ್ಯೆಯ ನಗರಗಳಿಂದ 10 ಕಿ.ಮೀ. ಒಳಗಿರುವ ಸ್ಥಾವರಗಳು 2027ರ ಡಿಸೆಂಬರ್ ಒಳಗೆ ಹಾಕಲೇಬೇಕು. ಮಾಲಿನ್ಯ ಹೆಚ್ಚೆಂದು ಪಟ್ಟಿ ಮಾಡಿದ ಪ್ರದೇಶಗಳ ಹತ್ತಿರ ಇರುವವನ್ನು ಒಂದೊಂದಾಗಿ ಪರಿಶೀಲಿಸುತ್ತಾರೆ. ಉಳಿದವಕ್ಕೆ, ಅಂದರೆ ಹೆಚ್ಚಿನ ಸ್ಥಾವರಗಳಿಗೆ, ಚಿಮಣಿ ಎತ್ತರದ ಷರತ್ತಿನ ಮೇಲೆ ವಿನಾಯಿತಿ. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಯಂತ್ರಕ್ಕೆ ಖರ್ಚು ಬಹಳ ಎಂಬುದು ಸರ್ಕಾರ ಕೊಡುವ ಕಾರಣ.

2011ರ ಜನಗಣತಿಯಲ್ಲಿ ಕೊಪ್ಪಳ ನಗರದ ಜನ ಸುಮಾರು 70 ಸಾವಿರ, ಬಳ್ಳಾರಿಯ ಜನ ಸುಮಾರು 4 ಲಕ್ಷ. 10 ಲಕ್ಷದ ಲೆಕ್ಕಕ್ಕೆ ಎರಡೂ ಬರುವುದಿಲ್ಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಇವೆ. ಬಳ್ಳಾರಿ, ಕೊಪ್ಪಳ ಇಲ್ಲ. ದೊಡ್ಡ ನಗರದ ಮಗುವಿನ ಶ್ವಾಸಕೋಶ, ಸಣ್ಣ ಊರಿನ ಮಗುವಿನ ಶ್ವಾಸಕೋಶ ಒಂದೇ ಅಳತೆಯವು. ಸರ್ಕಾರದ ಲೆಕ್ಕದಲ್ಲಿ ನಮ್ಮ ಊರು ಸಣ್ಣದಾದರೆ, ನಮ್ಮ ಲೆಕ್ಕವನ್ನು ನಾವೇ ಇನ್ನಷ್ಟು ಗಟ್ಟಿಯಾಗಿ ಇಡಬೇಕು.

ಪಗಾರ ಒಂದು ಮನೆಗೆ, ಧೂಳು ಒಂದು ಮನೆಗೆ

ನಮ್ಮ ಒಂದು ಸಂಘದ ಸಭೆಯಲ್ಲಿ ಈ ವಿಷಯ ಬಂದಾಗ ಒಬ್ಬ ಸದಸ್ಯೆ ಹೇಳಿದರು: "ಸಿಸ್ಟರ್, ನಮ್ಮ ಮನಿಯವ್ರು ಕಾರ್ಖಾನ್ಯಾಗ ದುಡೀತಾರ್ರೀ. ಅದು ಬಂದ್ ಆದ್ರ ನಮ್ಮ ಒಲಿನೂ ಬಂದ್ ಆಕ್ಕತಿ." ಪಕ್ಕದಲ್ಲಿ ಕೂತವರು ತಡೆಯಲಿಲ್ಲ: "ಯಕ್ಕಾ, ನಿಮ್ಮ ಮನ್ಯಾಗ ಪಗಾರ ಬರ್ತೈತಿ, ನಮ್ಮ ಮನ್ಯಾಗ ಧೂಳ ಬರ್ತೈತಿ. ನಮ್ಮ ಹುಡುಗಗ ರಾತ್ರಿ ದಮ್ಮು ಹತ್ತಿದ್ರ ನಾ ಯಾರ್ನ ಕೇಳ್ಲಿ?" ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಇಬ್ಬರ ಮಾತೂ ನಿಜ. ಆಗ ಸಂಘದ ಪ್ರತಿನಿಧಿ ಕೇಳಿದರು: "ಅಲ್ರೀ, ನಮ್ಮ ಸಂಘದಾಗ ಹಳೇ ಬಾಕಿ ಇಟ್ಟವ್ರಿಗೆ ಹೊಸ ಸಾಲ ಕೊಡ್ತೀವೇನು? ಮೊದ್ಲು ಹಳೇದು ಕಟ್ಟಿದ್ದು ತೋರ್ಸು ಅಂತೀವಿ. ಕಾರ್ಖಾನಿಗೂ ಹಂಗ ಕೇಳೂಣು."

ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದೆಲ್ಲ ಆ ಮಾತಿನಲ್ಲೇ ಇದೆ.

ಕಾರ್ಖಾನೆ ಮುಚ್ಚಿದರೆ ಏನಾಗುತ್ತದೆ ಎಂಬ ಭಯ ಸುಳ್ಳಲ್ಲ. ಇಂಗ್ಲೆಂಡಿನ ಪಕ್ಕದ ವೇಲ್ಸ್‌ನಲ್ಲಿ ಪೋರ್ಟ್ ಟಾಲ್ಬಟ್ ಎಂಬ ಊರಿದೆ. ಅಲ್ಲಿ ಟಾಟಾ ಸ್ಟೀಲ್ ಕಂಪನಿ ತನ್ನ ಕೊನೆಯ ಕಲ್ಲಿದ್ದಲು ಕುಲುಮೆಯನ್ನು 2024ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಅದರ ಜಾಗದಲ್ಲಿ ವಿದ್ಯುತ್ ಕುಲುಮೆ ಬರಬೇಕು, ಆದರೆ ಅದು ಸಿದ್ಧವಾಗಲು ವರ್ಷಗಳು ಬೇಕು. ಈ ಬದಲಾವಣೆಯಲ್ಲಿ 2,000ಕ್ಕೂ ಹೆಚ್ಚು ಜನರ ಕೆಲಸ ಹೋಗುವಂತಾಯಿತು. ಆದ್ದರಿಂದ ಬದಲಾವಣೆ ಕೇಳುವಾಗ ದುಡಿಯುವವರ ಮುಂದಿನ ದಾರಿಯನ್ನೂ ಅದೇ ಅರ್ಜಿಯಲ್ಲಿ ಕೇಳಬೇಕು.

ಆದರೆ ಒಂದು ಮಾತು ನೆನಪಿರಲಿ. ಇಎಸ್‌ಪಿ ಯಂತ್ರ ಹಗಲು-ರಾತ್ರಿ ನಡೆಸಿ ಎಂದರೆ, ಲಾರಿಗೆ ತಾಡಪಾಲು ಹೊದಿಸಿ ಎಂದರೆ, ರಸ್ತೆಗೆ ನೀರು ಹೊಡೆಯಿರಿ ಎಂದರೆ ಯಾರ ಕೆಲಸವೂ ಹೋಗುವುದಿಲ್ಲ. ಅದನ್ನೆಲ್ಲ ಮಾಡಲು ಇನ್ನೂ ನಾಲ್ಕು ಜನ ಬೇಕಾಗುತ್ತಾರೆ. ಕುಲುಮೆಯ ಧೂಳು ಮೊದಲು ಹೋಗುವುದು ಅಲ್ಲಿ ನಿಂತು ದುಡಿಯುವ ನಮ್ಮ ಗಂಡಂದಿರ, ಮಕ್ಕಳ ಎದೆಗೆ. ಊರಿಗೆ ಬರುವುದು ಆಮೇಲೆ. ಶುದ್ಧ ಗಾಳಿ ಕೇಳುವುದು ಕಾರ್ಮಿಕರ ಪರವಾದ ಮಾತೇ.

ಹಳೇ ಬಾಕಿ ತೀರಿತೇ ಎಂದು ನೋಡುವುದು ಹೇಗೆ?

ದೊಡ್ಡ ಕಾರ್ಖಾನೆಗೆ ಸರ್ಕಾರ ಪರಿಸರ ಅನುಮತಿ ಕೊಡುವಾಗ ಷರತ್ತುಗಳನ್ನು ಹಾಕುತ್ತದೆ: ಇಷ್ಟು ಮರ ಬೆಳೆಸಬೇಕು, ಧೂಳು ಇಷ್ಟು ಮೀರಬಾರದು, ರಸ್ತೆ ಹೀಗಿರಬೇಕು ಎಂದು. ಅದು ಸಾಲ ಪತ್ರದ ಹಿಂದಿನ ಷರತ್ತುಗಳಿದ್ದಂತೆ. 2006ರ ಸೆಪ್ಟೆಂಬರ್ 14ರ ಕೇಂದ್ರ ಸರ್ಕಾರದ ಅಧಿಸೂಚನೆ ಪ್ರಕಾರ, ಷರತ್ತುಗಳನ್ನು ಪಾಲಿಸಿದ್ದೇವೆ ಎಂಬ ವರದಿಯನ್ನು ಕಾರ್ಖಾನೆ ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು. ಈ ವರದಿ ಗುಟ್ಟಿನದಲ್ಲ, ಸಾರ್ವಜನಿಕ ದಾಖಲೆ. ಅರ್ಜಿ ಹಾಕಿದ ಯಾರಿಗೂ ಪ್ರತಿ ಕೊಡಬೇಕು. ಅನುಮತಿ ಪತ್ರದ ಪ್ರತಿ ಗ್ರಾಮ ಪಂಚಾಯಿತಿಗೂ ಬರಬೇಕು.

ಇದರ ಜೊತೆಗೆ, ಉಕ್ಕು, ಸಿಮೆಂಟ್, ವಿದ್ಯುತ್ ಸ್ಥಾವರ ಮೊದಲಾದ ಹೆಚ್ಚು ಮಾಲಿನ್ಯದ 17 ಬಗೆಯ ಉದ್ಯಮಗಳು ಚಿಮಣಿಯಲ್ಲಿ ಸದಾ ಅಳೆಯುವ ಉಪಕರಣ ಇಟ್ಟು, ಅದರ ಅಂಕಿ ನೇರವಾಗಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗುವಂತೆ ಮಾಡಬೇಕು ಎಂದು 2014ರಲ್ಲಿ ಆದೇಶವಾಗಿದೆ. ರಾತ್ರಿ ಯಂತ್ರ ಬಂದ್ ಆಗುತ್ತದೆಯೋ ಇಲ್ಲವೋ ಎಂಬುದಕ್ಕೆ ಅಲ್ಲಿ ಸುಳಿವು ಸಿಗುತ್ತದೆ. ರಾತ್ರಿ 11ರಿಂದ ಬೆಳಿಗ್ಗೆ 5ರವರೆಗಿನ ಅಂಕಿ ಕೊಡಿ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಅರ್ಜಿ ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಉಚಿತ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು. 30 ದಿನದೊಳಗೆ ಉತ್ತರ ಬರಬೇಕು.

ಊರಿನ ಗಾಳಿಯ ಗುಣಮಟ್ಟವನ್ನು ಮೊಬೈಲಿನ 'ಸಮೀರ್' ಆ್ಯಪ್‌ನಲ್ಲಿ ನೋಡಬಹುದು. 50ರವರೆಗೆ ಒಳ್ಳೆಯದು, 100ರವರೆಗೆ ತೃಪ್ತಿಕರ, 200ರವರೆಗೆ ಮಧ್ಯಮ, ಅದರ ಮೇಲೆ ಕೆಟ್ಟದ್ದು. ಆದರೆ ಅಳೆಯುವ ಕೇಂದ್ರ ನಗರದೊಳಗೆ ಇದ್ದರೆ ಅದು ಆ ಜಾಗದ ಗಾಳಿಯನ್ನು ಮಾತ್ರ ಹೇಳುತ್ತದೆ. ಚಿಮಣಿ ಪಕ್ಕದ ಹಳ್ಳಿಯ ಗಾಳಿ ಬೇರೆ ಇರಬಹುದು. ಹಳ್ಳಿಯಲ್ಲೂ ಅಳೆಯಿರಿ ಎಂದು ಗ್ರಾಮ ಸಭೆಯಲ್ಲಿ ಠರಾವು ಮಾಡಿಸಬಹುದು.

ಸಾರ್ವಜನಿಕ ಆಲಿಕೆ ಸಭೆ: ತಪ್ಪಿಸಬೇಡಿ

ದೊಡ್ಡ ಕಾರ್ಖಾನೆ ಹೊಸದಾಗಿ ಬರುವಾಗ ಅಥವಾ ವಿಸ್ತರಣೆ ಆಗುವಾಗ ಸಾಮಾನ್ಯವಾಗಿ ಜನರ ಅಭಿಪ್ರಾಯ ಕೇಳುವ ಸಭೆ ಇರುತ್ತದೆ. ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸುತ್ತಾರೆ. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಯೋಜನೆಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಸ್ಥಳೀಯರು ಯಾರು ಬೇಕಾದರೂ ಮಾತಾಡಬಹುದು, ಬರೆದೂ ಕೊಡಬಹುದು. ಇಡೀ ಸಭೆಯ ವಿಡಿಯೋ ಆಗಬೇಕು. ಕೊನೆಯಲ್ಲಿ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು. ನಮ್ಮ ವಾರದ ಸಭೆಯಲ್ಲಿ ಠರಾವು ಓದಿ ಹೇಳಿ ಸಹಿ ಹಾಕಿಸುತ್ತೇವಲ್ಲ, ಹಾಗೆ. ನಾವು ಹೇಳಿದ ಮಾತು ಅದರಲ್ಲಿ ಬಂದಿಲ್ಲ ಅಂದ್ರೆ ಅಲ್ಲೇ ಎದ್ದು ಹೇಳಬೇಕು. ಕೆಲವು ವಿಸ್ತರಣೆಗಳಿಗೆ ಈ ಸಭೆಯಿಂದ ವಿನಾಯಿತಿ ಕೊಡುವ ಅವಕಾಶ ನಿಯಮದಲ್ಲಿದೆ. ಆದ್ದರಿಂದ ಸಭೆ ಇದೆಯೋ ಇಲ್ಲವೋ ಎಂದು ಮೊದಲೇ ವಿಚಾರಿಸಿ.

ಸಭೆಯಲ್ಲಿ ಕೇಳಬೇಕಾದ ಐದು ಪ್ರಶ್ನೆಗಳು:

1. ಈಗ ಇರುವ ಕಾರ್ಖಾನೆಗಳೆಲ್ಲ ಸೇರಿ ನಮ್ಮ ಗಾಳಿಯಲ್ಲಿ ಎಷ್ಟು ಧೂಳಿದೆ? ಹೊಸದು ಬಂದರೆ ಒಟ್ಟು ಎಷ್ಟಾಗುತ್ತದೆ?
2. ಹಳೆಯ ಅನುಮತಿಯ ಷರತ್ತುಗಳಲ್ಲಿ ಯಾವುದು ಪಾಲನೆಯಾಗಿದೆ, ಯಾವುದು ಬಾಕಿ?
3. ಚಿಮಣಿಯಿಂದ ಹತ್ತಿರದ ಶಾಲೆ, ಅಂಗನವಾಡಿ, ಆಸ್ಪತ್ರೆ ಎಷ್ಟು ದೂರ, ಯಾವ ದಿಕ್ಕಿಗೆ?
4. ಅದಿರು, ಕಲ್ಲಿದ್ದಲು ಹೇಗೆ ಬರುತ್ತದೆ? ರೈಲಿನಲ್ಲೋ, ಮುಚ್ಚಿದ ಕನ್ವೇಯರ್‌ನಲ್ಲೋ, ಲಾರಿಯಲ್ಲೋ?
5. ಸ್ಥಳೀಯರಿಗೆ ಎಷ್ಟು ಕಾಯಂ ಕೆಲಸ, ಎಷ್ಟು ಗುತ್ತಿಗೆ ಕೆಲಸ, ಹೆಣ್ಣುಮಕ್ಕಳಿಗೆ ಎಷ್ಟು? ಬರೆದು ಕೊಡುತ್ತೀರಾ?

ಕಂಪನಿಯವರು ಶಾಲೆಗೆ ಬೆಂಚು, ಊರಿಗೆ ನೀರಿನ ಘಟಕ, ನಮಗೆ ಹೊಲಿಗೆ ಯಂತ್ರ ಕೊಡಬಹುದು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇಕಡಾ 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ಸಂತೋಷದಿಂದ ತೆಗೆದುಕೊಳ್ಳಿ. ಆದರೆ ಅದನ್ನು ಧೂಳಿನ ಬಾಕಿಗೆ ಜಮಾ ಮಾಡಬೇಡಿ. ಎರಡೂ ಬೇರೆ ಬೇರೆ ಖಾತೆ.

ಸಂಘ ಏನು ಮಾಡಬಹುದು?

• ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಅದೇ ಹೊಗೆಯ ಲೆಕ್ಕದ ಪುಸ್ತಕ. ತಾರೀಖು, ಸಮಯ, ಹೊಗೆಯ ಬಣ್ಣ, ಗಾಳಿಯ ದಿಕ್ಕು, ವಾಸನೆ – ಐದು ಮನೆ. ಸರದಿ ಪ್ರಕಾರ ಒಬ್ಬೊಬ್ಬರು ಒಂದು ವಾರ ಬರೆಯಿರಿ. ಮೊಬೈಲಿನಲ್ಲಿ ಫೋಟೋ ತೆಗೆದಿಡಿ.
• ತಿಂಗಳಿಗೆ ಎಷ್ಟು ಮಕ್ಕಳಿಗೆ ದಮ್ಮು, ಕೆಮ್ಮು ಬಂತು, ಆಸ್ಪತ್ರೆಗೆ ಎಷ್ಟು ಖರ್ಚಾಯಿತು ಎಂದು ಆಶಾ ಕಾರ್ಯಕರ್ತೆಯ ಜೊತೆ ಕೂತು ಬರೆಯಿರಿ. ಸಂಘದಿಂದ ಔಷಧಿಗೆಂದು ತೆಗೆದ ಸಾಲ ಎಷ್ಟು ಎಂಬುದೂ ಇದರಲ್ಲಿ ಬರಲಿ.
• ಮೂರು ತಿಂಗಳಿಗೊಮ್ಮೆ ಒಕ್ಕೂಟದ ಹೆಸರಿನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸ್ವೀಕೃತಿ ಇಲ್ಲದ ಅರ್ಜಿ, ರಸೀದಿ ಇಲ್ಲದ ಕಂತಿನಂತೆ.
• ಕಾನೂನಿನ ಸಹಾಯ ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಅಲ್ಲಿ ಉಚಿತ ನೆರವು ಪಡೆಯುವ ಹಕ್ಕಿದೆ. ಪರಿಸರದ ವಿವಾದಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದೆ, ಅದರ ದಕ್ಷಿಣ ಪೀಠ ಚೆನ್ನೈನಲ್ಲಿದೆ. ಅಲ್ಲಿ ಸಮಯದ ಮಿತಿ ಇರುವುದರಿಂದ ತಡ ಮಾಡಬೇಡಿ.
• ಧೂಳಿನ ದಿನಗಳಲ್ಲಿ ಒಣ ಕಸಬರಿಗೆ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ನೀರಿನ ಕೊಡ ಮುಚ್ಚಿಡಿ. ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಬಯಲಲ್ಲಿ ಒಣಹಾಕಬೇಡಿ. ಸೊಪ್ಪು ಎರಡು ಮೂರು ನೀರಿನಲ್ಲಿ ತೊಳೆಯಿರಿ.

ನಮ್ಮ ಕಡೆಯ ಲೆಕ್ಕವೂ ಸರಿಯಿರಲಿ. ಕಟ್ಟಿಗೆ ಒಲೆಯ ಹೊಗೆಯಲ್ಲೂ ಅದೇ ಸಣ್ಣ ಧೂಳಿದೆ. ಅದು ಮೊದಲು ಹೋಗುವುದು ಅಡುಗೆ ಮಾಡುವವಳ ಮತ್ತು ಅವಳ ಪಕ್ಕದಲ್ಲಿ ಆಡುವ ಮಗುವಿನ ಎದೆಗೆ. ಪ್ಲಾಸ್ಟಿಕ್ ಸುಡುವುದು, ಹೊಲದ ಸಿಪ್ಪಿ-ದಂಟು ಸುಡುವುದು ಬಿಡೋಣ. ಸ್ವಂತ ಮನೆಯ ಮಾಳಿಗೆ ಇರುವವರು 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ ಬಗ್ಗೆ ವಿಚಾರಿಸಬಹುದು. ಯೋಜನೆಯ ಪ್ರಕಾರ 2 ಕಿಲೋವಾಟ್‌ವರೆಗೆ ಪ್ರತಿ ಕಿಲೋವಾಟ್‌ಗೆ 30 ಸಾವಿರ, 3 ಕಿಲೋವಾಟ್ ಅಥವಾ ಹೆಚ್ಚಿಗೆ ಒಟ್ಟು 78 ಸಾವಿರ ರೂಪಾಯಿ ಸಹಾಯಧನ. ರೊಟ್ಟಿ ಯಂತ್ರ, ಹೊಲಿಗೆ ಯಂತ್ರ ನಡೆಸುವ ಗುಂಪುಗಳಿಗೆ ಇದು ಉಪಯೋಗಕ್ಕೆ ಬಂದೀತು.

ಸಹೋದರಿಯರೇ, ಉಕ್ಕು ನಮಗೆ ಬೇಕು. ನಮ್ಮ ತವೆ, ಕುಡುಗೋಲು, ಬಸ್ಸು, ಸೇತುವೆ, ಗಾಳಿ ವಿದ್ಯುತ್ತಿನ ಕಂಬ ಕೂಡ ಅದರಿಂದಲೇ ಆಗಿವೆ. ಕೆಲಸವೂ ಬೇಕು, ಕರೆಂಟೂ ಬೇಕು. ಇವೆಲ್ಲ ಬೇಕೆನ್ನುವವರು ಅವುಗಳ ಬೆಲೆಯನ್ನು ಯಾರು ಕಟ್ಟುತ್ತಿದ್ದಾರೆ ಎಂದೂ ನೋಡಬೇಕಲ್ಲವೇ? ಹತ್ತು ರೂಪಾಯಿ ಉಳಿತಾಯಕ್ಕೂ ಸಹಿ ಹಾಕಿಸಿಕೊಳ್ಳುವ ನಮಗೆ ಲೆಕ್ಕ ಕೇಳುವುದು ಹೊಸದಲ್ಲ. ಅದೇ ಧೈರ್ಯದಿಂದ ಗಾಳಿಯ ಲೆಕ್ಕವನ್ನೂ ಕೇಳೋಣ. ಜಗಳಕ್ಕಲ್ಲ, ಬಾಕಿ ಚುಕ್ತಾ ಆಗಲಿ ಎಂದು.

ಮುಂದಿನ ಸಭೆಯಲ್ಲಿ ಚರ್ಚಿಸಲು:

1. ನಮ್ಮ ಊರಿಗೆ ಹೊಗೆ, ಧೂಳು ಎಲ್ಲೆಲ್ಲಿಂದ ಬರುತ್ತದೆ? ನೆಲದ ಮೇಲೆ ಊರಿನ ನಕ್ಷೆ ಬರೆದು ಗುರುತು ಮಾಡಿ.
2. ನಮ್ಮ ಸಂಘದಲ್ಲಿ ಕಾರ್ಖಾನೆಯಿಂದ ಪಗಾರ ಬರುವ ಮನೆ ಎಷ್ಟು, ಧೂಳಿನಿಂದ ಬೆಳೆ ಅಥವಾ ಆರೋಗ್ಯ ಕೆಟ್ಟ ಮನೆ ಎಷ್ಟು? ಎರಡೂ ಇರುವ ಮನೆ ಎಷ್ಟು?
3. ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಹತ್ತಿರದ ಕಾರ್ಖಾನೆಯ ಅನುಮತಿ ಪತ್ರದ ಪ್ರತಿ ಇದೆಯೇ? ಪಿಡಿಒ ಅವರನ್ನು ಕೇಳಲು ಯಾರು ಇಬ್ಬರು ಹೋಗುತ್ತೀರಿ? ಯಾವ ದಿನ?
4. ಹೊಗೆಯ ಲೆಕ್ಕದ ಪುಸ್ತಕದಲ್ಲಿ ಮೊದಲ ವಾರ ಬರೆಯುವವರು ಯಾರು? ಹೆಸರನ್ನು ಠರಾವು ಪುಸ್ತಕದಲ್ಲಿ ಬರೆಯಿರಿ.